ಮೌನಿ ಆರಿಸಿದ ಕಾಲೇಜು

ಅದು ರಜೆಯ ದಿನ. ಕಟಿಂಗ್ ಶಾಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚು ತುಂಬಿ ಮಿಕ್ಕವರು ಬಾಗಿಲಿಗೆ ಒರಗಿ ನಿಂತಿದ್ದರು. ಪಕ್ಕದ ಗಡಿಯಾರ ರಿಪೇರಿಯವನು ತನ್ನ ಅಂಗಡಿಯನ್ನು ತೆರೆದೇ ಬಿಟ್ಟು ಇಲ್ಲಿ ಬಂದು ಕೂತಿದ್ದ. ಯಾರಿಗೂ ಅವಸರವಿರಲಿಲ್ಲ. ಮೌನಿ ಹಿಂದಿನ ರಾತ್ರಿಯಷ್ಟೇ ದೂರದ ಊರಿಂದ ಬಂದಿದ್ದ. ಅಲ್ಲಿಯ ಕಥೆ ಎಲ್ಲರಿಗೂ ಕೇಳಬೇಕಿತ್ತು.

ಮೌನಿ ಎಂದರೆ ಅಂಗಡಿಯ ಯಜಮಾನ. ಬಾಯಿ ಮುಚ್ಚಿ ಗೊತ್ತಿಲ್ಲದವನಿಗೆ ಬೀದಿಯವರು ಇಟ್ಟ ಹೆಸರು ಅದು. ಅವನ ಹೆಂಡತಿಗೆ ಮಾತು ಕಡಿಮೆ. ಮದುವೆಯಾದ ಹೊಸದರಲ್ಲಿ, ದೇವರು ಇಬ್ಬರಿಗೂ ಸೇರಿ ಒಂದೇ ನಾಲಿಗೆ ಕೊಟ್ಟ, ಅದನ್ನೂ ಇವನೇ ಇಟ್ಟುಕೊಂಡ ಎಂದು ಜನ ನಗುತ್ತಿದ್ದರು. ಅದು ಪೂರ್ತಿ ನಿಜವಲ್ಲ. ಅವಳು ಆಡುವುದು ಕಡಿಮೆ, ಆಡಿದ್ದು ಮಾತ್ರ ನಾಟುತ್ತಿತ್ತು.

ಅಂಗಡಿಯಲ್ಲಿ ಎರಡು ಕುರ್ಚಿ. ಒಂದು ಮೌನಿಯದು. ಇನ್ನೊಂದಕ್ಕೆ ಬಹಳ ವರ್ಷದಿಂದ ಒಬ್ಬ ಕೆಲಸದವನಿದ್ದ. ಅವನನ್ನು ಎಲ್ಲರೂ ಎರಡನೇ ಕುರ್ಚಿ ಎಂದೇ ಕರೆಯುತ್ತಿದ್ದರು. ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. "ಇವನ ತಲೆ ನೋಡಿ ಹೆದರಬೇಡಿ, ಅದು ನಾನು ಮಾಡಿದ್ದಲ್ಲ" ಎಂದು ಹೊಸ ಗಿರಾಕಿಗೆಲ್ಲ ಮೌನಿ ಮೊದಲೇ ಹೇಳಿಬಿಡುತ್ತಿದ್ದ.

ಎಷ್ಟು ಮಾತಾಡಿದರೂ ಒಂದು ವಿಷಯದಲ್ಲಿ ಅವನು ಬಹಳ ಬಿಗಿ. ಕೇಳದೆ ಯಾರ ತಲೆಯನ್ನೂ ಮುಟ್ಟುತ್ತಿರಲಿಲ್ಲ. "ಕೈ ಇಡಲಾ?" ಎನ್ನಬೇಕು, ಅವರು ಹೂಂ ಎನ್ನಬೇಕು, ಆಮೇಲೆ ಕೈ. ಹಾಲು ಕುಡಿಯುವ ಮಗುವಾದರೂ ಅಷ್ಟೇ. ಒಮ್ಮೆ ಒಬ್ಬ ಗಿರಾಕಿ ಕೂತಲ್ಲೇ ನಿದ್ದೆ ಹೋದ. ಅವನು ಏಳುವ ತನಕ ಮೌನಿ ಬಾಚಣಿಗೆ ಹಿಡಿದು ಕಾದ. ಕಾಯುವಾಗ ಮಾತ್ರ ಬಾಯಿಗೆ ಬಿಡುವಿರಲಿಲ್ಲ. ಬೆಂಚಿನವರ ಜೊತೆ ಹರಟುತ್ತಲೇ ಇದ್ದ.

ಗಂಡ ಹೆಂಡತಿಗೆ ಒಬ್ಬಳೇ ಮಗಳು. ಒಂದು ಕಡೆ ನಿಲ್ಲದ ಹುಡುಗಿ, ಅದಕ್ಕೇ ಅಪ್ಪ ಅವಳನ್ನು ಅಳಿಲು ಎನ್ನುತ್ತಿದ್ದ. ಶಾಲೆ ಬಿಟ್ಟ ಮೇಲೆ ಅವಳು ಓದುತ್ತಿದ್ದದ್ದು ಅಂಗಡಿಯ ಬೆಂಚಿನ ತುದಿಯಲ್ಲಿ. ತಲೆಬುರುಡೆಯ ಪಾಠ ಬಂದಾಗ ಅವಳು ಮೂಳೆಯ ಹೆಸರು ಹೇಳಬೇಕು, ಅಪ್ಪ ಗಿರಾಕಿಯ ತಲೆಯ ಮೇಲೆ ಆ ಜಾಗ ಹುಡುಕಬೇಕು. "ತಲೆ ಬಾಡಿಗೆಗೆ ಕೊಟ್ಟಿಲ್ಲ ಮಾರಾಯ, ಕೂದಲು ಕತ್ತರಿಸು" ಎಂದು ಗಿರಾಕಿ ಗೊಣಗಬೇಕು. ಹೀಗೆ ನಡೆದಿತ್ತು ಓದು. ಬೀದಿಯ ಅರ್ಧ ತಲೆಗಳು ಅವಳ ಪಾಠಕ್ಕೆ ಬಂದು ಹೋದವು.

ಅಳಿಲು ಪರೀಕ್ಷೆ ಬರೆದಳು, ಇಂಟರ್‌ವ್ಯೂಗೆ ಹೋದಳು. ದೇಶದಲ್ಲಿ ದೊಡ್ಡ ಹೆಸರಿನ ಮೆಡಿಕಲ್ ಕಾಲೇಜು ಎಂದರೆ ಎರಡು. ಒಂದು ಇದೇ ಊರಿನದು, ಅಂಗಡಿಯ ಎದುರಿಂದಲೇ ಬಸ್ಸು. ಇನ್ನೊಂದಕ್ಕೆ ಬೆಳಿಗ್ಗೆ ರೈಲು ಹತ್ತಿದರೆ ಇಳಿಯುವಾಗ ಕತ್ತಲು. ಎರಡರಿಂದಲೂ ಬಾ ಎಂದು ಕರೆ ಬಂತು. ಎರಡರಲ್ಲೂ ಫೀಸಿಲ್ಲ. ಒಳ್ಳೆಯದಕ್ಕೂ ಒಳ್ಳೆಯದಕ್ಕೂ ನಡುವೆ ಆರಿಸುವುದು ಆ ಮನೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಮನೆಯಲ್ಲಿ ಅವಕ್ಕೆ ಹತ್ತಿರದ್ದು, ದೂರದ್ದು ಎಂದೇ ಹೆಸರಾಯಿತು. ಯಾವುದಕ್ಕೆ ಬರುತ್ತೇನೆ ಎಂದು ತಿಂಗಳ ಕೊನೆಯೊಳಗೆ ಅಳಿಲು ತಿಳಿಸಬೇಕಿತ್ತು.

ಓದಿದವರನ್ನು ಕೇಳೋಣ ಎಂದಳು ಹೆಂಡತಿ.

"ಓದಿದವರು ಕಟ್ಟಡ ನೋಡಿ ಹೇಳ್ತಾರೆ" ಎಂದ ಮೌನಿ. "ನಾನು ರೋಗಿಗಳನ್ನ ಕೇಳ್ತೀನಿ. ಗಂಟಲ ಮೇಲೆ ಕತ್ತಿ ಇದ್ದಾಗ ಮನುಷ್ಯ ಸುಳ್ಳು ಹೇಳಲ್ಲ ಕಣೇ. ನನ್ನ ಕುರ್ಚಿಯ ಮುಂದೆ ಕೋರ್ಟು ಯಾವ ಲೆಕ್ಕ?"

ಹೇಳಿದ್ದನ್ನು ಮಾಡಿಯೂ ಬಿಟ್ಟ. ಕತ್ತಿ ಕತ್ತರಿಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹತ್ತಿರದ್ದರ ಆಸ್ಪತ್ರೆಗೆ ಹೋದ. ಪುಕ್ಕಟೆ ಶೇವಿಂಗ್ ಮಾಡುತ್ತೇನೆ ಎಂದು ಸಿಸ್ಟರನ್ನು ಒಪ್ಪಿಸಿದ. ಒಂದು ವಾರ್ಡಿನ ಅಷ್ಟೂ ಗಂಡಸರ ಗಡ್ಡ ತೆಗೆದು, ಸಂಜೆ ಮುಖ ಸಪ್ಪೆ ಮಾಡಿಕೊಂಡು ಬಂದ.

"ಅಲ್ಲಿ ಕಲಿಯೋ ಮಕ್ಕಳ ಒಂದು ಮುಖಾನೂ ರೋಗಿಗಳಿಗೆ ಗೊತ್ತಿಲ್ಲ. ಒಬ್ಬೊಬ್ಬರನ್ನೇ ಕೇಳಿದೆ. ಮುಖ ಗೊತ್ತಾ ಅಂದ್ರೆ ಇಲ್ಲ ಅಂತಾರೆ. ಬರ್ತಾರೆ, ಹೋಗ್ತಾರೆ. ಏನು ಕಲೀತಾರೋ!"

ಮುಂದಿನ ವಾರ ರೈಲು ಹತ್ತಿ ದೂರದ್ದಕ್ಕೆ ಹೋದ. ಬಂದವನ ಮುಖ ಅರಳಿತ್ತು. ಆ ಕಥೆಗೇ ಅಂದು ಅಂಗಡಿ ತುಂಬಿದ್ದು.

"ವಾರ್ಡಿಗೆ ಹೋದ್ನಾ" ಎಂದು ಶುರು ಮಾಡಿದ. ಕುರ್ಚಿಯಲ್ಲಿದ್ದ ಗಿರಾಕಿಯ ಅರ್ಧ ಮುಖಕ್ಕೆ ನೊರೆ ಹತ್ತಿತ್ತು. "ಮೂಲೆ ಮಂಚದ ಮೇಲೆ ಒಬ್ಬ ಕೂತಿದ್ದ. ಕಣ್ಣು ಕೆಂಪು, ಗಡ್ಡ ಮುಳ್ಳು, ಅಂಗಿ ಮುದ್ದೆ. ಅಯ್ಯೋ ಪಾಪ, ಇವನಿಗೇ ಜಾಸ್ತಿ ಕಾಯಿಲೆ ಅಂದ್ಕೊಂಡೆ. ಕೈ ಇಡಲಾ ಅಂದೆ. ನೋಡಿದ. ಇಡಿ ಅಂದ. ನೊರೆ ಹಚ್ಚಿದೆ. ಏನು ಕಾಯಿಲೆ ಅಂದೆ. ನಿದ್ದೆ ಇಲ್ಲ ಅಂದ."

"ಆಮೇಲೆ?" ಎಂದ ಗಡಿಯಾರದವನು.

"ಇಲ್ಲಿ ಕಲಿಯೋ ಹುಡುಗರು ಹೇಗೆ ಅಂದೆ. ಮೊದಲ ವರ್ಷ ಕತ್ತೆಗಳು, ಕೊನೇ ವರ್ಷಕ್ಕೆ ಮನುಷ್ಯರಾಗ್ತಾರೆ ಅಂದ. ಹೊಡೆದು ಕಲಿಸ್ತಾರಾ ಅಂದೆ. ಇಲ್ಲ, ಕೆಲಸ ಕೊಡ್ತೀವಿ ಅಂದ. ಕೊಡ್ತೀವಿ ಅಂದ್ನಲ್ಲ, ಆಗಲಾದ್ರೂ ನನಗೆ ಗೊತ್ತಾಗಬೇಡ್ವಾ? ಒಂದು ಕೆನ್ನೆ ಮುಗಿದಿತ್ತು, ನರ್ಸಮ್ಮ ಓಡಿ ಬಂದ್ಳು. ಸರ್, ಆಪರೇಷನ್ನಿಗೆ ಎಲ್ಲಾ ರೆಡಿ ಅಂದ್ಳು. ಯಾರಿಗೆ ಹೇಳ್ತಿದಾಳೆ ಅಂತ ತಿರುಗಿ ನೋಡಿದೆ. ಇವನಿಗೇ! ಆ ಆಸ್ಪತ್ರೆಗೇ ದೊಡ್ಡ ಸರ್ಜನ್ನು ಮಾರಾಯ್ರೆ!"

ಅಂಗಡಿ ಬಿದ್ದು ಬಿದ್ದು ನಕ್ಕಿತು. ಅರ್ಧ ನೊರೆಯ ಗಿರಾಕಿಯೂ ನಕ್ಕ. ನಕ್ಕಿದ್ದಕ್ಕೆ ಬೈಸಿಕೊಂಡ, ಕತ್ತಿ ಇದೆ ಅಲ್ಲಾಡಬೇಡಿ ಎಂದು.

"ನಾನು ಕತ್ತಿ ಕೆಳಗಿಟ್ಟು ಕೈ ಮುಗಿದೆ. ಅವರು ಹೆದರಬೇಡಿ, ಇನ್ನೊಂದು ಕೆನ್ನೆ ಮುಗಿಸಿ, ಹೀಗೇ ಹೋದರೆ ರೋಗಿ ಹೆದರ್ತಾನೆ ಅಂದ್ರು. ಮುಗಿಸಿದೆ. ಕೆನ್ನೆ ಸವರಿಕೊಂಡು, ನಿಮ್ಮ ಕೈ ನಮ್ಮ ಹುಡುಗರಿಗೆ ಇರಬೇಕಿತ್ತು ಅಂದ್ರು. ಅಂದ್ರು! ಬೇಕಾದ್ರೆ ಫೋನ್ ಮಾಡಿ ಕೇಳ್ಕೊಳ್ಳಿ."

ಪರದೆಯ ಹಿಂದೆ ಹೆಂಡತಿ ಬುತ್ತಿ ಬಿಚ್ಚುತ್ತಿದ್ದಳು. ಅಳಿಲು ಸ್ಟೂಲಿನ ಮೇಲೆ ಕೂತಿದ್ದಳು. ಮೌನಿ ಕೈ ತೊಳೆದುಕೊಂಡು ಒಳಗೆ ಬಂದ.

"ತೀರ್ಮಾನ ಆಯ್ತು. ದೂರದ್ದೇ" ಎಂದ.

"ಆ ಡಾಕ್ಟರು ನಿಮ್ಮ ಕೈ ಹೊಗಳಿದರು. ನೀವು ಮಗಳನ್ನೇ ಎತ್ತಿ ಕೊಟ್ಟುಬಿಟ್ಟಿರಿ" ಎಂದಳು ಹೆಂಡತಿ. "ಹತ್ತಿರದ್ದೇ ಸಾಕು. ಅದೂ ದೊಡ್ಡದೇ."

"ಅಲ್ಲಿ ಮುಖ ಗೊತ್ತಿಲ್ಲ ಅಂದೆನಲ್ಲೇ."

"ಮುಖ ಕಟ್ಟಿಕೊಂಡು ಏನಾಗಬೇಕು? ಕಾಯಿಲೆ ವಾಸಿಯಾದರೆ ಸಾಕು."

"ನೋಡು ಅಳಿಲೇ, ನಾನು ಪೂರ್ವ ಅಂದ್ರೆ ನಿಮ್ಮಮ್ಮನಿಗೆ ಪಶ್ಚಿಮ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತಂತೆ."

"ಎತ್ತು ಯಾರು, ಕೋಣ ಯಾರು, ಅದನ್ನ ಮೊದಲು ಹೇಳಿ" ಎಂದಳು ಹೆಂಡತಿ.

ಅಳಿಲು ನಕ್ಕಳು. ಅವಳನ್ನು ಕೇಳಿದರೆ, "ನೋಡೋಣ ಅಪ್ಪಾ, ಎರಡೂ ಚೆನ್ನಾಗಿದೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ಮೌನಿ ಉಂಡ. ಉಣ್ಣುವಾಗಲೂ ಆ ಸರ್ಜನ್ನಿನ ಗಡ್ಡ ಎಷ್ಟು ಒರಟು ಎಂದು ಹೇಳಿದ. ಸಂಜೆ ಬಾಗಿಲು ಎಳೆದು ಮೂವರೂ ನಡೆದು ಮನೆಗೆ ಹೋದರು. ಅವನ ಕಾಲರಿನಲ್ಲಿ ಯಾರ ಯಾರದೋ ಕೂದಲಿತ್ತು. ಹೆಂಡತಿ ದಾರಿಯಲ್ಲೇ ಅದನ್ನು ತಟ್ಟಿ ತೆಗೆದಳು. ನಾಳೆ ಅಕ್ಕನಿಗೆ ಫೋನ್ ಮಾಡಿ ದೂರದ್ದು ಎಂದು ಹೇಳಿಬಿಡುತ್ತೇನೆ ಎಂದ. ಹೇಳಿ, ನಿಮ್ಮಕ್ಕ ಒಬ್ಬರೇ ನಿಮ್ಮ ಮಾತು ಕೇಳುವವರು ಎಂದಳು ಹೆಂಡತಿ.

ಮರುದಿನ ಬೆಳಿಗ್ಗೆ ಮೌನಿ ಏಳಲಿಲ್ಲ. ಹೆಂಡತಿ ಕರೆದಳು. ಅಲುಗಾಡಿಸಿದಳು. ಡಾಕ್ಟರು ಬಂದರು. ಹೃದಯ ಎಂದರು, ನಿದ್ದೆಯಲ್ಲೇ ಹೋಗಿದ್ದಾರೆ, ನೋವಾಗಿಲ್ಲ ಎಂದರು. ಅದನ್ನು ಅವನು ಹೇಳಬೇಕಿತ್ತು. ಕಾಲಿಗೆ ಕಲ್ಲು ತಗುಲಿದರೂ ಬೀದಿಗೆಲ್ಲ ಹೇಳುವವನು ಇಷ್ಟು ದೊಡ್ಡದನ್ನು ಯಾರಿಗೂ ಹೇಳದೆ ಹೋದ.

ಅಂಗಡಿಗೆ ಕೆಲವು ದಿನ ಬೀಗ. ಆಮೇಲೆ ಎರಡನೇ ಕುರ್ಚಿಯವನೇ ಬಂದು, "ಅತ್ತಿಗೆ, ತೆಗೀತೀನಿ. ಮುಚ್ಚಿದ್ರೆ ಅಣ್ಣ ಬೈತಾನೆ" ಎಂದ. ಅವಳು ಬೀಗದ ಕೈ ಕೊಟ್ಟಳು. ತಾನೂ ಹೋಗಿ ಗಲ್ಲಾದ ಮುಂದೆ ಕೂತಳು. ಮನೆಯಲ್ಲಿ ಕೂತರೆ ಗೋಡೆ ನುಂಗುತ್ತಿತ್ತು. ಅಂಗಡಿ ಸದ್ದಿಲ್ಲದೆ ನಡೆಯಿತು. ಕತ್ತರಿಯ ಸದ್ದು ಇಷ್ಟು ಜೋರು ಎಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಗಂಡನ ಅಕ್ಕ ಬಂದು ಜೊತೆಗಿದ್ದಳು. ಒಳ್ಳೆಯ ಹೆಂಗಸು, ಹಿಡಿದ ಮಾತು ಬಿಡುವವಳಲ್ಲ. ತಮ್ಮನ ಕೊನೆಯ ಮಾತು ಏನು ಎಂದು ಕೇಳಿದಳು. ದೂರದ್ದೇ ಅಂದರು ಎಂದು ಹೆಂಡತಿ ಹೇಳಿದಳು. ಮುಗಿಯಿತು. "ಸತ್ತವರ ಮಾತು ಮೀರಬಾರದು" ಎಂದಳು ಅಕ್ಕ.

ಹೆಂಡತಿ ಬೇಡ ಎನ್ನಲಿಲ್ಲ. ಹತ್ತಿರದ್ದೇ ಸಾಕು ಎಂದು ಜಗಳ ತೆಗೆದಿದ್ದವಳು ಈಗ ಯಾರು ಕೇಳಿದರೂ ದೂರದ್ದೇ ಎನ್ನುತ್ತಿದ್ದಳು. ಅವನಿಗೆ ಸಿಕ್ಕದ ಒಪ್ಪಿಗೆಯನ್ನು ಈಗ ಎಲ್ಲರಿಗೂ ಹಂಚುತ್ತಿದ್ದಳು. ಗಡಿಯಾರದವನು ಮೆಲ್ಲಗೆ, "ಮಗಳು ಅಷ್ಟು ದೂರ ಹೋದರೆ ನೀವೊಬ್ಬರೇ ಆಗ್ತೀರಲ್ಲಮ್ಮ" ಎಂದ. "ಅಂಗಡಿ ಇದೆ" ಎಂದಳು.

ಅಳಿಲು ಆಗಲಿ ಅಮ್ಮ ಎಂದಳು. ಅಷ್ಟೇ. ದೊಡ್ಡ ಚೀಲವನ್ನು ಅಟ್ಟದಿಂದ ಇಳಿಸಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಬರುತ್ತೇನೆ ಎಂದು ದೂರದ್ದಕ್ಕೆ ತಿಳಿಸಿದೆಯಾ ಎಂದರೆ, ನಾಳೆ ತಿಳಿಸುತ್ತೇನೆ ಎನ್ನುತ್ತಿದ್ದಳು. ಆ ನಾಳೆ ದಿನವೂ ಬರುತ್ತಿತ್ತು. ಮಗಳು ಏನನ್ನೋ ಹೇಳದೆ ಇಟ್ಟುಕೊಂಡಿದ್ದಾಳೆ ಎಂದು ಅಮ್ಮನಿಗೆ ಗೊತ್ತಾಯಿತು. ಅಪ್ಪನ ದುಃಖ ಎಂದುಕೊಂಡಳು. ತಾನೂ ಅದನ್ನೇ ಇಟ್ಟುಕೊಂಡಿದ್ದಳು.

ಒಂದು ಬೆಳಿಗ್ಗೆ ಅಂಗಡಿಯ ಫೋನ್ ಹೊಡೆಯಿತು. ಹತ್ತಿರದ ಆಸ್ಪತ್ರೆಯ ಸಿಸ್ಟರ್.

"ಮೌನಿಯವರು ಇದಾರಾ? ಮತ್ತೆ ಬರ್ತೀನಿ ಅಂತ ನಂಬರ್ ಕೊಟ್ಟು ಹೋಗಿದ್ರು. ವಾರ್ಡಿನವರು ದಿನಾ ಕೇಳ್ತಿದಾರೆ. ಗಡ್ಡ ಎದೆವರೆಗೆ ಬಂತು ಅಂತಾರೆ."

ಫೋನ್ ಎತ್ತಿದ್ದು ಗಲ್ಲಾದ ಮುಂದಿದ್ದ ಹೆಂಡತಿ. ಎರಡನೇ ಕುರ್ಚಿಯವನತ್ತ ನೋಡಿದಳು. ಗಿರಾಕಿಗಳ ಎದುರು ಆ ಮಾತು ಫೋನಿನಲ್ಲಿ ಹೇಳುವುದು ಅವಳಿಂದಾಗಲಿಲ್ಲ.

"ಬರ್ತೀವಿ" ಎಂದು ಇಟ್ಟಳು.

ಆಡಿದ ಮಾತು ಅವನದು, ಉಳಿಸಿಕೊಳ್ಳಬೇಕಾದವರು ಇವರು. ಮಧ್ಯಾಹ್ನ ಅಂಗಡಿ ಮುಚ್ಚಿ, ಮೌನಿಯ ಪೆಟ್ಟಿಗೆಯನ್ನು ಎರಡನೇ ಕುರ್ಚಿಯ ಕೈಗೆ ಕೊಟ್ಟು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಆ ಆಸ್ಪತ್ರೆಯ ಮೇಲೆ ಸಿಟ್ಟಿತ್ತು. ಮುಖ ಗೊತ್ತಿಲ್ಲದ ಜಾಗ. ಗಡ್ಡ ತೆಗೆದು, ಸುದ್ದಿ ಹೇಳಿ, ಹಿಂದಿರುಗಿ ಬರುವುದು ಎಂದುಕೊಂಡಳು.

ಸಿಸ್ಟರ್ ಗಟ್ಟಿ ಮೈಯ, ಗಟ್ಟಿ ದನಿಯ ಹೆಂಗಸು. ಬಾಗಿಲಲ್ಲೇ ಸುದ್ದಿ ಕೇಳಿ ಗೋಡೆಗೆ ಕೈ ಕೊಟ್ಟು ನಿಂತಳು. "ಇಡೀ ವಾರ್ಡನ್ನ ನಗಿಸಿ ಹೋದ್ರಲ್ಲಮ್ಮ" ಎಂದಳು. ಆಮೇಲೆ ಅವರನ್ನು ಒಳಗೆ ಕರೆದುಕೊಂಡು ಹೋದಳು.

ಉದ್ದನೆಯ ಕೋಣೆ. ಎರಡು ಸಾಲು ಮಂಚ. ಕಿಟಕಿಗಳಿಗೆಲ್ಲ ದಪ್ಪ ಪರದೆ. ಹೆಂಡತಿ ಮೊದಲ ಮಂಚ ನೋಡಿದಳು. ಅಲ್ಲಿಯ ಮುದುಕನ ಎರಡೂ ಕಣ್ಣಿಗೆ ಪಟ್ಟಿ. ಪಕ್ಕದವನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಹಾಲಿನಂಥ ಪೊರೆ. ಅದರಾಚೆ ಮತ್ತೆ ಪಟ್ಟಿ. ಸಾಲು ಮುಗಿಯುವ ತನಕ ಪಟ್ಟಿ.

"ಇದು ಯಾವ ವಾರ್ಡು?" ಎಂದಳು.

"ಕಣ್ಣಿಂದು."

"ಅವರು ಬಂದದ್ದು ಇಲ್ಲಿಗೇನಾ?"

"ಇಲ್ಲಿಗೇ. ನಾನು ಮೂಳೆ ವಾರ್ಡು ತೋರಿಸಿದ್ದೆ. ಅವರು, ಕಾಲು ಮುರಿದವನು ಕೈಯಲ್ಲಿ ತಾನೇ ಶೇವ್ ಮಾಡ್ಕೊಳ್ತಾನೆ, ಕಣ್ಣು ಕಟ್ಟಿರೋರು ಏನು ಮಾಡಬೇಕು ಪಾಪ, ಅಂತ ಇವರನ್ನೇ ಆರಿಸ್ಕೊಂಡ್ರು." ಸಿಸ್ಟರ್ ಕಣ್ಣೊರೆಸಿಕೊಂಡಳು. "ಇನ್ನೊಂದು ಅನುಕೂಲ ಇದೆ ಸಿಸ್ಟರ್, ಇವರು ಕನ್ನಡಿ ಕೇಳಲ್ಲ ಅಂದ್ರು."

ಮೊದಲ ಮಂಚದ ಮುದುಕ ಸದ್ದು ಬಂದ ಕಡೆ ತಲೆ ತಿರುಗಿಸಿದ.

"ಪೆಟ್ಟಿಗೆ ಸದ್ದು ಕೇಳ್ತು. ಮೌನಿ ಬಂದ್ನಾ?"

"ಇಲ್ಲ ತಾತ. ನಾನು ಅವರ ಹೆಂಡತಿ. ಅವರು ತೀರಿಕೊಂಡರು."

ಮುದುಕನ ಕೈ ಹೊದಿಕೆಯ ಅಂಚನ್ನು ಹುಡುಕಿ ಹಿಡಿದುಕೊಂಡಿತು. "ಮತ್ತೆ ಬರ್ತೀನಿ ಅಂದಿದ್ನಲ್ಲಮ್ಮ" ಎಂದ.

"ಅದಕ್ಕೇ ನಾವು ಬಂದೆವು."

ಎರಡನೇ ಕುರ್ಚಿಯವನು ಬಗ್ಗಿ, "ಕೈ ಇಡಲಾ?" ಎಂದ. ಮುದುಕ ಹೂಂ ಎಂದ. ನೊರೆ ಏಳುವಾಗ ಹೆಂಡತಿ ಸ್ಟೂಲು ಎಳೆದುಕೊಂಡು ಕೂತಳು. ಕೇಳದೆ ಇರಲು ಅವಳಿಂದ ಆಗಲಿಲ್ಲ.

"ತಾತ, ಇಲ್ಲಿ ಕಲಿಯೋ ಮಕ್ಕಳ ಬಗ್ಗೆ ಅವರು ನಿಮ್ಮನ್ನ ಕೇಳಿದ್ರಂತೆ."

"ಕೇಳಿದ. ಮುಖ ಗೊತ್ತಾ ಅಂದ. ಇಲ್ಲಪ್ಪ ಅಂದೆ."

"ಅಷ್ಟೇ ಹೇಳಿದ್ರಾ?"

"ಮತ್ತೇನು ಹೇಳ್ಲಿ? ಬಾಯಿ ತೆಗೆಯೋಕೆ ಎಲ್ಲಿ ಬಿಟ್ಟ? ಆಮೇಲೆಲ್ಲ ಅವನೇ ಮಾತಾಡಿದ. ಮಗಳ ಕಥೆ ಹೇಳಿದ, ತಲೆಬುರುಡೆ ಕಥೆ ಹೇಳಿದ. ಹೆಂಡತಿ ಮಾತೇ ಆಡಲ್ಲ ಅಂದ. ನೀನಿದ್ರೆ ಅವಳು ಯಾವಾಗ ಆಡ್ತಾಳಪ್ಪ ಅಂದೆ."

ಪಕ್ಕದ ಮಂಚದವನು ಎದ್ದು ಕೂತು, "ನನ್ನ ಹತ್ರಾನೂ ಅಷ್ಟೇ. ಪ್ರಶ್ನೆ ಒಂದು, ಭಾಷಣ ಹತ್ತು" ಎಂದ.

ಆಗ ಬಿಳಿ ಕೋಟಿನ ಹುಡುಗಿಯೊಬ್ಬಳು ಒಳಗೆ ಬಂದಳು. ಕಲಿಯುವವಳು. ಅಳಿಲಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. ಅವಳು ಬಾಗಿಲು ದಾಟುವ ಮೊದಲೇ ಮುದುಕ ನೊರೆಯೊಳಗಿಂದ, "ಬಂದ್ಳು ನೋಡಿ ನಮ್ಮ ಗೀಚುಕಾಲಮ್ಮ. ಚಪ್ಪಲಿ ಎಳೀತಾಳೆ" ಎಂದ.

"ಚಪ್ಪಲಿ ಹೊಸದು ತಾತ, ಇನ್ನೂ ಎಳೀತೀನಾ?" ಎಂದಳು ಆ ಹುಡುಗಿ. "ನಿಮ್ಮ ಎಡಗಡೆ ನಿಂತಿದೀನಿ. ಈಗ ಕೈ ಹಿಡೀತೀನಿ, ನಾಡಿ ನೋಡೋಕೆ. ಹಿಡೀಲಾ?"

"ಹಿಡಿ, ಹಿಡಿ."

ಅವಳು ಹಾಗೆಯೇ ಸಾಲಿನುದ್ದಕ್ಕೂ ಹೋದಳು. ಪ್ರತಿ ಮಂಚದಲ್ಲೂ ಮೊದಲು ದನಿ, ಆಮೇಲೆ ಕೈ. ಎಡಗಡೆ ಇದ್ದೀನಿ, ಬಲಗಡೆ ಇದ್ದೀನಿ, ಪಟ್ಟಿ ಮುಟ್ಟುತ್ತೀನಿ, ತಣ್ಣಗಿರುತ್ತೆ. ಯಾರೋ ಅವಳು ಗುನುಗುವ ಹಾಡು ಚೆನ್ನಾಗಿಲ್ಲ ಎಂದು ಕಾಡಿದರು. ಇನ್ನೊಬ್ಬರು, ನಿನ್ನೆ ಬಂದಿದ್ದ ಗೊಗ್ಗರು ದನಿಯ ಹುಡುಗ ಊಟ ಮಾಡಿದನಾ, ಹಸಿದಂತೆ ಇದ್ದ ಎಂದು ವಿಚಾರಿಸಿದರು.

ಮುಖ ಒಂದೂ ಗೊತ್ತಿರಲಿಲ್ಲ. ಉಳಿದದ್ದೆಲ್ಲ ಗೊತ್ತಿತ್ತು.

ಹೆಂಡತಿ ಅಳು ಬಂತು ಎಂದುಕೊಂಡು ಸೆರಗು ಬಾಯಿಗೆ ಒತ್ತಿಕೊಂಡಳು. ಬಂದದ್ದು ನಗು. ಕಣ್ಣು ಕಟ್ಟಿದವರನ್ನು ಸಾಲಾಗಿ ಕೂರಿಸಿ, ಕುತ್ತಿಗೆಗೆ ಕತ್ತಿ ಇಟ್ಟು, ಮುಖ ಗೊತ್ತಾ ಎಂದು ಕೇಳಿ, ಇಲ್ಲ ಎಂದರೆ ನಂಬಿ, ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದ ಮಹಾನುಭಾವ! ಅದನ್ನು ನಂಬಿ ಒಂದು ಮನೆಯೇ ಚೀಲ ಒರೆಸುತ್ತಾ ಕೂತಿದೆ. ಅವಳ ಭುಜ ಕುಲುಕಿತು. ಸಿಸ್ಟರ್ ಓಡಿ ಬಂದು ಬೆನ್ನು ಸವರಿದಳು. ಅಳಲಿ, ಅಳುವುದು ಒಳ್ಳೆಯದು ಎಂದಳು. ಅವಳು ಸೆರಗು ತೆಗೆಯಲೇ ಇಲ್ಲ.

ಸಂಜೆ ಅಡುಗೆಮನೆಯಲ್ಲಿ ಅಳಿಲು ಚಹಾಕ್ಕೆ ನೀರಿಟ್ಟಿದ್ದಳು. ಗಂಡನ ಅಕ್ಕ ಹೊರಗೆ ಹೋಗಿದ್ದಳು. ಅಮ್ಮ ನಿಂತೇ ಹೇಳಿದಳು.

"ನಿಮ್ಮಪ್ಪ ಶೇವ್ ಮಾಡಿದ್ದು ಕಣ್ಣಿನ ವಾರ್ಡಲ್ಲಿ ಕಣೇ."

"ಯಾವ ಕಣ್ಣು?"

"ಹತ್ತಿರದ್ದರಲ್ಲಿ. ಎಲ್ಲರ ಕಣ್ಣಿಗೂ ಪಟ್ಟಿ. ಅವರನ್ನ ಮುಖ ಗೊತ್ತಾ ಅಂತ ಕೇಳಿ ಬಂದಿದಾರೆ."

ಅಳಿಲು ಅಮ್ಮನ ಮುಖ ನೋಡಿದಳು. ಆಮೇಲೆ ನೆಲಕ್ಕೆ ಕುಸಿದು ಕೂತು ನಕ್ಕಳು. ಅಮ್ಮನೂ ಕೂತಳು. ಚಹಾದ ನೀರು ಕುದಿದು ಉಕ್ಕಿ ಒಲೆ ಆರಿತು. ಇಬ್ಬರೂ ಏಳಲಿಲ್ಲ. ನಗು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ. ಅವನು ಹೋದ ಮೇಲೆ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಅಲ್ಲಿಯ ತನಕ ಒಬ್ಬರಿಗೆ ಕಾಣದಂತೆ ಇನ್ನೊಬ್ಬರು ಅಳುತ್ತಿದ್ದರು.

"ಈಗ ನಿಜ ಹೇಳು. ನಿನಗೆ ಯಾವುದು ಬೇಕು?" ಎಂದಳು ಅಮ್ಮ.

ಅಳಿಲು ಮೂಗೊರೆಸಿಕೊಂಡಳು. "ಹತ್ತಿರದ್ದು."

"ನನಗೋಸ್ಕರ ಅಂದ್ರೆ ಕಾಲು ಮುರೀತೀನಿ."

"ನಿನಗೋಸ್ಕರ ಆಗಿದ್ರೆ ದೂರದ್ದೇ ಹೇಳ್ತಿದ್ದೆ. ದಿನಾ ನಿನ್ನ ಬೈಗುಳ ಯಾರು ಕೇಳ್ತಾರೆ?"

"ತಮಾಷೆ ಬೇಡ. ಯಾಕೆ ಹೇಳು."

ಅಳಿಲು ಹೇಳಿದಳು. ಹತ್ತಿರದ್ದರ ಇಂಟರ್‌ವ್ಯೂನಲ್ಲಿ ಒಬ್ಬ ಮೇಡಂ ಇದ್ದರು. ಮಕ್ಕಳ ಹೃದಯದ ಡಾಕ್ಟರು. ಅವರು ಒಂದು ಪ್ರಶ್ನೆ ಕೇಳಿದರು, ಅಳಿಲು ಧೈರ್ಯವಾಗಿ ತಪ್ಪು ಹೇಳಿದಳು. ತಪ್ಪು ಎಂದರು. ಮುಗಿಯಿತು ಎಂದುಕೊಂಡು ಹೊರಗೆ ಬಂದು ಬೆಂಚಿನ ಮೇಲೆ ಕೂತಿದ್ದಳು. ಊಟದ ಹೊತ್ತಿಗೆ ಆ ಮೇಡಂ ಹೊರಗೆ ಬಂದರು. ಅವಳ ಪಕ್ಕ ಕೂತು, ತಪ್ಪು ಯಾಕೆ ತಪ್ಪು ಎಂದು ಅಂಗೈ ಮೇಲೆ ಬೆರಳಲ್ಲಿ ಹೃದಯ ಬರೆದು ಹೇಳಿಕೊಟ್ಟರು. ಬರೆಯುವ ಮೊದಲು, ಕೈ ಕೊಡ್ತೀಯಾ ಎಂದು ಕೇಳಿದರು. ಅವರ ಊಟದ ಹೊತ್ತು ಹೋಯಿತು.

"ಅವರ ಹತ್ರ ಕಲೀಬೇಕು ಅಂತ ಅವತ್ತೇ ಅನ್ನಿಸ್ತು ಅಮ್ಮ. ಹೇಳೋಣ ಅಂದ್ರೆ ಅಪ್ಪ ಆ ಸರ್ಜನ್ ಕಥೇಲಿ ಅಷ್ಟು ಖುಷಿಯಾಗಿದ್ದ. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ಆಮೇಲೆ ಅದೇ ಅವನ ಕೊನೇ ಮಾತಾಯ್ತು. ನೀನೂ ದೂರದ್ದೇ ಅಂತ ಕೂತೆ."

ಅಮ್ಮ ಎದ್ದು ನೀರು ಉಕ್ಕಿದ ಒಲೆ ಒರೆಸಿದಳು. ಹತ್ತಿರದ್ದೇ ಸಾಕು ಎಂದವಳು ತಾನು. ಇಷ್ಟು ವರ್ಷದ ಸಂಸಾರದಲ್ಲಿ ಇಷ್ಟು ದೊಡ್ಡ ವಾದವನ್ನು ಅವಳು ಎಂದೂ ಗೆದ್ದಿರಲಿಲ್ಲ. ಗೆದ್ದಳು. ಗೆದ್ದೆ ಎಂದು ಮೂತಿ ತಿವಿದು ಹೇಳಲು ಆ ಮನುಷ್ಯನೇ ಇರಲಿಲ್ಲ. ಇದ್ದಿದ್ದರೆ ಒಪ್ಪುತ್ತಲೂ ಇರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ನಾಳೆಯೇ ಮೂಳೆ ವಾರ್ಡಿಗೆ ಪೆಟ್ಟಿಗೆ ಹೊತ್ತು ಹೋಗುತ್ತಿದ್ದ.

ಗಂಡನ ಅಕ್ಕ ಬಂದಾಗ ವಿಷಯ ಹೇಳಿದರು. ಅವಳು ಚೀಲ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು.

"ಸತ್ತವನ ಮಾತಿಗೆ ಬೆಲೆ ಇಲ್ವಾ? ನೀನು ಹೆಂಡತಿಯಾಗಿ ಹೀಗಂತೀಯಲ್ಲ!"

"ಅಕ್ಕ, ಬದುಕಿದ್ದಾಗ ಅವರ ಒಂದು ಮಾತನ್ನೂ ನಾನು ಎದುರು ಹೇಳದೆ ಒಪ್ಪಿದ್ದಿಲ್ಲ. ಸತ್ತರು ಅಂತ ಈಗ ಶುರು ಮಾಡಲಾ? ಯಾರು ಇವಳು ಅಂತ ಅವರೇ ಗಾಬರಿಯಾಗ್ತಾರೆ."

ಅಕ್ಕ ಸೊಂಟದ ಕೈ ಇಳಿಸಿದಳು. "ಕಣ್ಣಿನ ವಾರ್ಡಾ?" ಎಂದಳು. ಹೂಂ ಎಂದರು. "ಚಿಕ್ಕವನಿದ್ದಾಗ್ಲೂ ಹೀಗೇ. ಕೇಳ್ತಿದ್ದ, ಉತ್ತರಕ್ಕೆ ಕಾಯ್ತಿರಲಿಲ್ಲ" ಎಂದು ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜವೂ ಕುಲುಕಿತು. ಅದು ನಗುವೋ ಅಳುವೋ ಎಂದು ಇವರು ಕೇಳಲಿಲ್ಲ.

ಮರುದಿನ ಅಳಿಲು ಹತ್ತಿರದ್ದಕ್ಕೆ ಬರುತ್ತೇನೆ ಎಂದು ತಿಳಿಸಿದಳು. ನಾಳೆ ಎನ್ನಲಿಲ್ಲ. ದೂರದ್ದಕ್ಕೂ ಮರ್ಯಾದೆಯಿಂದ ಬರಲಾಗುವುದಿಲ್ಲ ಎಂದಳು. ಆ ಸರ್ಜನ್ನಿಗೆ ಇದು ಗೊತ್ತಾಗುವ ಹಾಗಿರಲಿಲ್ಲ. ಗೊತ್ತಾಗಿದ್ದರೆ ಕೆನ್ನೆ ಸವರಿಕೊಳ್ಳುತ್ತಿದ್ದರೋ ಏನೋ. ಚೀಲ ಮತ್ತೆ ಅಟ್ಟಕ್ಕೆ ಹೋಯಿತು.

ಈಗ ಅಳಿಲು ಎರಡನೇ ವರ್ಷದಲ್ಲಿದ್ದಾಳೆ. ಆ ಮೇಡಂ ಮೊದಲ ದಿನವೇ 'ತಪ್ಪು ಉತ್ತರ' ಎಂದು ಅವಳನ್ನು ಗುರುತು ಹಿಡಿದರಂತೆ. ಎರಡನೇ ಕುರ್ಚಿಯವನು ವಾರಕ್ಕೊಮ್ಮೆ ಕಣ್ಣಿನ ವಾರ್ಡಿಗೆ ಹೋಗುತ್ತಾನೆ. ಮಾತಿಗೆ ಮಾತು ಕೊಡುವುದಿಲ್ಲ ಎಂದು ಅಲ್ಲಿಯವರು ಅವನ ಮೇಲೆ ದೂರುತ್ತಾರೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಮ್ಮ ಏಳುತ್ತಾಳೆ. ಅಂಗಡಿಯ ಟವಲುಗಳನ್ನು ಕುದಿಸಬೇಕು. ಮದುವೆಯಾದ ದಿನದಿಂದ ಆ ಕೆಲಸ ಅವಳದೇ. ಹಿತ್ತಲಲ್ಲಿ ದೊಡ್ಡ ಪಾತ್ರೆ, ಸೋಪಿನ ಪುಡಿ, ತಿರುವಲು ಒಂದು ಕೋಲು. ಈಗ ಅದರೊಳಗೆ ಒಂದು ಬಿಳಿ ಕೋಟೂ ಬೀಳುತ್ತದೆ. ಕೋಟಿಗೆ ಕಟಿಂಗ್ ಶಾಪಿನ ವಾಸನೆ ಬರುತ್ತದೆ, ಬೇರೆ ಪಾತ್ರೆಯಲ್ಲಿ ಹಾಕು ಎಂದು ಅಳಿಲು ಒಳಗಿಂದ ಕೂಗುತ್ತಾಳೆ. ಅಮ್ಮ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಒಂದೊಂದನ್ನೇ ಕೋಲಿನಿಂದ ಎತ್ತಿ, ತಣ್ಣೀರಲ್ಲಿ ಅದ್ದಿ, ಹಿಂಡಿ, ಎರಡು ಸಲ ಜಾಡಿಸಿ ಹಗ್ಗಕ್ಕೆ ಹಾಕುತ್ತಾಳೆ.